ಎಳೆಯ ಸಂಸಾರದಲ್ಲಿ ಕಾಯಿಲೆಗಳ ಸಾಲು: ಮನೆಯ ಹೊಣೆ, ಶಾಲೆಯ ಹೊಣೆ

ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಪರೀಕ್ಷೆಯ ಫಲಿತಾಂಶ, ಕ್ರೀಡೆಯ ಪ್ರಶಸ್ತಿ, ಕಟ್ಟಡದ ಪ್ರಗತಿ, ದಾನಿಗಳ ಔದಾರ್ಯ ಇವೆಲ್ಲಕ್ಕೂ ಸ್ಥಾನವುಂಟು. ಆದರೆ ವರ್ಷವಿಡೀ ಶಾಲೆಗೆ ಬಂದು ಸೇರುವ ಒಂದು ಬಗೆಯ ಕಾಗದಕ್ಕೆ ಮಾತ್ರ ಸಾಮಾನ್ಯವಾಗಿ ಜಾಗ ದೊರೆಯುವುದಿಲ್ಲ. ಅದು ರಜಾ ಚೀಟಿ. "ನನ್ನ ಮಗಳಿಗೆ ಜ್ವರ ಬಂದಿರುವುದರಿಂದ ಮೂರು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ" ಎಂಬ ಎರಡು ಸಾಲು. ಉಪಾಧ್ಯಾಯರು ಓದಿ, ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ, ಪಾಠಕ್ಕೆ ತೊಡಗುತ್ತಾರೆ. ಅದೇ ಮನೆಯಿಂದ ಹದಿನೈದು ದಿನಕ್ಕೆ ಮತ್ತೊಂದು, ತಿಂಗಳು ತುಂಬುವುದರೊಳಗೆ ಮೂರನೆಯದು ಬಂದಾಗ ಹುಬ್ಬು ಗಂಟಿಕ್ಕುವುದೂ ಸಹಜವೇ. "ಆ ಮನೆಯಲ್ಲಿ ಯಾವಾಗಲೂ ಕಾಯಿಲೆಯೇ" ಎಂಬ ಮಾತು ಆಗ ಹೊರಡುತ್ತದೆ. ಆ ಚೀಟಿಯ ಹಿಂದೆ ಇರುವ ಮನೆಯನ್ನು ಕುರಿತು, ಅಲ್ಲಿ ಕಾಯಿಲೆಗಳು ಏಕೆ ಒಂದರ ಹಿಂದೊಂದು ಬರುತ್ತವೆ, ಅವನ್ನು ಹೇಗೆ ದಾಟಬೇಕು ಎಂಬುದನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಈ ಕರಾವಳಿಯಲ್ಲಿ ಮಳೆಗಾಲವೆಂಬುದು ಒಂದು ಋತು ಮಾತ್ರವಲ್ಲ, ಬದುಕಿನ ಒಂದು ಪರೀಕ್ಷೆ. ಉದಾಹರಣೆಗಾಗಿ ಮುರ್ಡೇಶ್ವರದ ಒಂದು ಎಳೆಯ ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಇದು ಯಾರೊಬ್ಬರ ಮನೆಯೂ ಅಲ್ಲ. ಆದರೆ ಹಲವರ ಮನೆಯನ್ನು ಹೋಲುವಂಥದು. ಏಳು ವರ್ಷದ ಹಿರಿಯ ಮಗಳು ಶಾಲೆಗೆ ಹೋಗುತ್ತಾಳೆ. ನಾಲ್ಕು ವರ್ಷದ ಮಗ ಅಂಗನವಾಡಿಗೆ ಹೋಗುತ್ತಾನೆ. ಮೂರನೆಯದು ಹತ್ತು ತಿಂಗಳ ಕೂಸು. ತಂದೆ ಯಾಂತ್ರಿಕ ದೋಣಿಯಲ್ಲಿ ದುಡಿಯುವವನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಅವನಿಗೆ ಸಂಪಾದನೆಯಿಲ್ಲ. ಶಾಲೆ ತೆರೆಯುವುದೂ ಅದೇ ಕಾಲಕ್ಕೆ, ಮಳೆ ಹಿಡಿಯುವುದೂ ಅದೇ ಕಾಲಕ್ಕೆ. ಶಾಲೆ ತೆರೆದ ಎರಡನೆಯ ವಾರದಲ್ಲಿ ಮಗಳು ನೆಗಡಿ, ಜ್ವರ ಹೊತ್ತು ಬರುತ್ತಾಳೆ. ಮೂರು ದಿನಕ್ಕೆ ತಮ್ಮನಿಗೆ, ಮತ್ತೆರಡು ದಿನಕ್ಕೆ ಕೂಸಿಗೆ. ಕೂಸಿನ ಕೆಮ್ಮು ನಿಲ್ಲುವ ಹೊತ್ತಿಗೆ ಅದಕ್ಕೆ ಭೇದಿ ಹಿಡಿಯುತ್ತದೆ. ಜುಲೈ ತಿಂಗಳಿನಲ್ಲಿ ಮಗ ಅಂಗನವಾಡಿಯಿಂದ ಕೈ, ಕಾಲು, ಬಾಯಿಗಳಲ್ಲಿ ಗುಳ್ಳೆ ಏಳುವ ರೋಗವನ್ನು ತರುತ್ತಾನೆ. ಆಗಸ್ಟ್ ತಿಂಗಳಿಗೆ ಕಾಲಿಡುವಾಗ ಆ ತಾಯಿ ಒಂದು ಇಡೀ ರಾತ್ರಿ ನಿದ್ದೆ ಮಾಡಿ ಎಷ್ಟು ದಿನವಾಯಿತೆಂಬುದೇ ಅವಳಿಗೆ ನೆನಪಿರುವುದಿಲ್ಲ.

ಇಂತಹ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, "ನಮ್ಮ ಮನೆಗೇ ಏಕೆ?" ಎಂಬುದು. ಯಾರದೋ ದೃಷ್ಟಿ ತಾಗಿತು, ಗ್ರಹಗತಿ ಸರಿಯಿಲ್ಲ, ಮನೆಯ ಬಾಗಿಲು ಸರಿಯಾದ ದಿಕ್ಕಿಗಿಲ್ಲ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ದೂರು ಹೋಗಿ ನಿಲ್ಲುವುದು ಬಹುಮಟ್ಟಿಗೆ ತಾಯಿಯ ಮೇಲೆ. ಅವಳ ಹಾಲಿನಲ್ಲಿ ದೋಷವಿದೆ, ಅವಳು ತಣ್ಣೀರಿನಲ್ಲಿ ಕೈಯಾಡಿಸಿದಳು, ಅವಳಿಗೆ ಮಕ್ಕಳನ್ನು ನೋಡಿಕೊಳ್ಳಲು ಬಾರದು. ಕಾಯಿಲೆಗಿಂತಲೂ ಈ ಮಾತು ಮನೆಯನ್ನು ಹೆಚ್ಚು ಕೆಡಿಸುತ್ತದೆ. ವಾಸ್ತವವಾಗಿ ಈ ಸಾಲಿಗೆ ಒಂದು ಲೆಕ್ಕವಿದೆ. ಆ ಲೆಕ್ಕದಲ್ಲಿ ಯಾರ ತಪ್ಪೂ ಇಲ್ಲ.

ಮಗು ಹುಟ್ಟುವಾಗ ತಾಯಿಯ ರಕ್ತದಿಂದ ರೋಗನಿರೋಧಕ ಅಂಶಗಳನ್ನು ಎರವಲು ಪಡೆದು ಬರುತ್ತದೆ. ಆರು ತಿಂಗಳಿನಿಂದ ಒಂದು ವರ್ಷದೊಳಗೆ ಆ ಎರವಲು ಬಹುಪಾಲು ಕರಗಿಹೋಗುತ್ತದೆ. ಅನಂತರ ಮಗು ತನ್ನ ಬಂಡವಾಳವನ್ನು ತಾನೇ ಗಳಿಸಬೇಕು. ನೆಗಡಿಯನ್ನು ತರಬಲ್ಲ ವೈರಸ್‌ಗಳೇ ಇನ್ನೂರಕ್ಕೂ ಮಿಕ್ಕಿವೆ. ಒಂದರಿಂದ ಪಡೆದ ರಕ್ಷಣೆ ಮತ್ತೊಂದಕ್ಕೆ ಉಪಯೋಗಕ್ಕೆ ಬರುವುದು ಅಪರೂಪ. ಆದುದರಿಂದ ಆರೋಗ್ಯವಂತ ಮಗುವಿಗೂ ಮೊದಲ ಕೆಲವು ವರ್ಷಗಳಲ್ಲಿ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಸಾಮಾನ್ಯ. ಶಾಲೆಗೆ ಹೋಗುವ ಅಣ್ಣ ಅಕ್ಕಂದಿರಿದ್ದರೆ ಇನ್ನೂ ಹೆಚ್ಚು. ಒಂದೊಂದು ನೆಗಡಿ ಹತ್ತು ದಿನ ನಿಂತಿತೆಂದು ಹಿಡಿದರೂ ಎಂಟು ನೆಗಡಿಗೆ ಎಂಬತ್ತು ದಿನಗಳಾದುವು. ಇವುಗಳಲ್ಲಿ ಹೆಚ್ಚಿನವು ಮಳೆಯ ತಿಂಗಳುಗಳಲ್ಲಿ ಒತ್ತಿ ಬಂದರೆ, ಒಂದು ಮುಗಿಯುವ ಮೊದಲೇ ಇನ್ನೊಂದು ಆರಂಭವಾದಂತೆ ತೋರುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಕಾರಣ, ಸೋಂಕು ತಗಲಿದ ದಿನಕ್ಕೂ ಲಕ್ಷಣ ಕಾಣಿಸುವ ದಿನಕ್ಕೂ ಇರುವ ಅಂತರ. ಇದನ್ನು ಸಿಡುಬಿನಂತೆ ಕಂಡರೂ ಸಿಡುಬಲ್ಲದ ಸೀತಾಳೆಯ ದೃಷ್ಟಾಂತದಿಂದ ಚೆನ್ನಾಗಿ ತಿಳಿಯಬಹುದು. ಸೀತಾಳೆಯ ಅಂತರ 10ರಿಂದ 21 ದಿನ. ಸಾಮಾನ್ಯವಾಗಿ ಎರಡು ವಾರ. ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲೇ ಮಗು ಇತರರಿಗೆ ಅದನ್ನು ದಾಟಿಸತೊಡಗುತ್ತದೆ. ಎಲ್ಲ ಗುಳ್ಳೆಗಳೂ ಹೆಕ್ಕಳೆ ಕಟ್ಟುವವರೆಗೆ ದಾಟಿಸುತ್ತಲೇ ಇರುತ್ತದೆ. ಮಾರ್ಚ್ 1ರಂದು ಹಿರಿಯ ಮಗಳಿಗೆ ಗುಳ್ಳೆ ಎದ್ದಿತೆನ್ನೋಣ. ಎರಡನೆಯವನಿಗೆ ಮಾರ್ಚ್ 15ರ ಸುಮಾರಿಗೆ ಏಳಬಹುದು. ಕೂಸು ಅಕ್ಕನಿಂದ ಪಡೆಯದೆ ಅಣ್ಣನಿಂದ ಪಡೆದರೆ ಅದಕ್ಕೆ ಮಾರ್ಚ್ ತಿಂಗಳ ಕೊನೆ. ಅದು ಪೂರ್ತಿ ಗುಣವಾಗುವಾಗ ಏಪ್ರಿಲ್ ಮೊದಲ ವಾರ ಕಳೆದಿರುತ್ತದೆ. ಹೀಗೆ ಒಂದು ಮಗುವಿಗೆ ಒಂದು ವಾರದ ಕಾಯಿಲೆ ಮೂರು ಮಕ್ಕಳ ಮನೆಯಲ್ಲಿ ಐದಾರು ವಾರಗಳ ವ್ರತವಾಗುತ್ತದೆ. ಇದನ್ನು ಮೊದಲೇ ತಿಳಿದ ತಂದೆತಾಯಿ ಎರಡನೆಯ ಮಗು ಮಲಗಿದಾಗ ಎದೆಗುಂದುವುದಿಲ್ಲ. ಅವರು ಅದನ್ನು ನಿರೀಕ್ಷಿಸಿರುತ್ತಾರೆ. ರಜೆ, ಹಣ, ಸಹಾಯಕ್ಕೆ ಬರುವ ಅಜ್ಜಿಯ ಪ್ರಯಾಣ ಎಲ್ಲವನ್ನೂ ಆ ಲೆಕ್ಕಕ್ಕೆ ಹೊಂದಿಸಿರುತ್ತಾರೆ. ಮನೆಯಲ್ಲಿ ಗರ್ಭಿಣಿಯೊಬ್ಬಳಿದ್ದು ಅವಳಿಗೆ ಹಿಂದೆ ಸೀತಾಳೆ ಬಂದಿರದಿದ್ದರೆ ಮಾತ್ರ ಕೂಡಲೇ ವೈದ್ಯರನ್ನು ಕೇಳಬೇಕು.

ಮೂರನೆಯ ಕಾರಣ ಹೆಚ್ಚು ಗಂಭೀರವಾದುದು. ಕೆಲವು ಕಾಯಿಲೆಗಳು ಮುಂದಿನ ಕಾಯಿಲೆಗೆ ಬಾಗಿಲು ತೆರೆದು ಹೋಗುತ್ತವೆ. ಭೇದಿಯಿಂದ ಮಗು ಸೊರಗುತ್ತದೆ. ಸೊರಗಿದ ಮಗುವಿಗೆ ಮತ್ತೆ ಭೇದಿ ಬೇಗ ತಗಲುತ್ತದೆ. ದಡಾರದ ವಿಷಯದಲ್ಲಿ ಇದು ಇನ್ನೂ ಕಠೋರ. ದಡಾರ ಬಂದುಹೋದ ಮಕ್ಕಳು ಮುಂದಿನ ತಿಂಗಳುಗಳಲ್ಲಿ ಬೇರೆ ಬೇರೆ ರೋಗಗಳಿಗೆ ತುತ್ತಾಗುವುದನ್ನು ಹಳೆಯ ತಾಯಂದಿರು ಕಂಡೇ ಇದ್ದರು. ಲಸಿಕೆ ಪಡೆಯದ ಮಕ್ಕಳ ರಕ್ತವನ್ನು ದಡಾರಕ್ಕೆ ಮುಂಚೆ ಮತ್ತು ಅನಂತರ ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅದರ ಕಾರಣವನ್ನು ತೋರಿಸಿಕೊಟ್ಟಿತು. ಮಗು ಅದುವರೆಗೆ ಗಳಿಸಿದ್ದ ರೋಗನಿರೋಧಕ ಅಂಶಗಳಲ್ಲಿ ನೂರಕ್ಕೆ 11ರಿಂದ 73ರಷ್ಟನ್ನು ದಡಾರ ಅಳಿಸಿಹಾಕಿತ್ತು. ಅಂದರೆ ದೇಹ ಕಲಿತ ಪಾಠವನ್ನೇ ಅದು ಮರೆಸಿಬಿಡುತ್ತದೆ. ಪಾಠ ಕಲಿಸುವವರಿಗೆ ಈ ನಷ್ಟದ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಆದುದರಿಂದಲೇ ಸಾಲನ್ನು ತುಂಡರಿಸುವ ಮೊದಲ ಆಯುಧ ಲಸಿಕೆ. ನಮ್ಮ ಅಜ್ಜಿಯರ ಕಾಲದಲ್ಲಿ ಕಾಯಿಲೆಗಳ ಸಾಲು ಎಂದರೆ ಬೇಸರದ ಮಾತಾಗಿರಲಿಲ್ಲ, ಸಾವಿನ ಮಾತಾಗಿತ್ತು. ಭಾರತದಲ್ಲಿ 1971ರಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದುವು. 2020ರಲ್ಲಿ ಆ ಸಂಖ್ಯೆ ದೇಶಕ್ಕೆ 28, ಕರ್ನಾಟಕಕ್ಕೆ 19. ಸಿಡುಬು 1975ರಲ್ಲಿ ಭಾರತದಿಂದ ತೊಲಗಿತು. 1980ರಲ್ಲಿ ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಆರಂಭವಾಯಿತು. ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ವರದಿಯಾಗಿ, 2014ರಲ್ಲಿ ದೇಶ ಪೋಲಿಯೋಮುಕ್ತವೆನಿಸಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ನಡೆದ ದಡಾರ-ರುಬೆಲ್ಲಾ ಅಭಿಯಾನದಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಲಸಿಕೆ ಹಾಕಲು ಶಾಲೆಗಳೇ ಕೇಂದ್ರಗಳಾದುವು. ಈಗ ಈ ಲಸಿಕೆಯನ್ನು 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ನಮ್ಮ ಕಲ್ಪನೆಯ ಮನೆಯ ಕೂಸಿಗೆ ಮೊದಲನೆಯದು ಈಗಾಗಲೇ ಆಗಿರಬೇಕು. ಸಣ್ಣ ನೆಗಡಿ ಇದೆಯೆಂದು ಲಸಿಕೆಯನ್ನು ಮುಂದೂಡುವುದು ತಪ್ಪು. ಸದಾ ನೆಗಡಿಯಿರುವ ಮನೆಯಲ್ಲಿ ಹಾಗೆ ಮುಂದೂಡುತ್ತ ಹೋದರೆ ಲಸಿಕೆಯ ದಿನ ಬರುವುದೇ ಇಲ್ಲ.

ಮೈಮೇಲೆ ಗುಳ್ಳೆ ಎದ್ದರೆ "ಅಮ್ಮ ಬಂದಿದ್ದಾಳೆ" ಎಂದು ಮಗುವನ್ನು ಪ್ರತ್ಯೇಕವಾಗಿ ಮಲಗಿಸಿ, ಬೇವಿನ ಸೊಪ್ಪು ಕಟ್ಟಿ, ಹೊರಗಿನವರನ್ನು ಒಳಗೆ ಬಿಡದಿರುವ ಪದ್ಧತಿ ನಮ್ಮಲ್ಲಿತ್ತು, ಇಂದೂ ಉಂಟು. ಇದನ್ನು ಹಾಸ್ಯ ಮಾಡಲಾಗದು. ಮಗುವಿಗೆ ವಿಶ್ರಾಂತಿ, ನೆರೆಯವರಿಗೆ ರಕ್ಷಣೆ ಎರಡೂ ಅದರಲ್ಲಿದ್ದುವು. ಆದರೆ ಅದೇ ಪದ್ಧತಿಯ ಹೆಸರಿನಲ್ಲಿ ಔಷಧ ಕೊಡದಿರುವುದು, ಸ್ನಾನ ಮಾಡಿಸದಿರುವುದು, ಪಥ್ಯವೆಂದು ಮಗುವನ್ನು ಹಸಿವಿನಲ್ಲಿಡುವುದು ಇವು ಅಪಾಯಕರ. ಪ್ರತ್ಯೇಕತೆಯನ್ನು ಉಳಿಸಿಕೊಂಡು ಉಪವಾಸವನ್ನು ಬಿಡುವುದೇ ವಿವೇಕ.

ಇನ್ನು ಆರೈಕೆಯ ವಿಷಯ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೆರೆದ ಬಾವಿಗಳಿಗೆ ಮೇಲಿನ ನೀರು ಹರಿದು ಸೇರುತ್ತದೆ. ಜಂಬಿಟ್ಟಿಗೆಯ ನೆಲ ರಂಧ್ರಮಯವಾದುದರಿಂದ ಶೌಚದ ಗುಂಡಿಯ ನೀರು ಬಾವಿಗೆ ಬಸಿಯುವುದೂ ಉಂಟು. ಆದುದರಿಂದ ಕುಡಿಯುವ ನೀರನ್ನು ಕುದಿಸಿಯೇ ಕೊಡಬೇಕು. ಭೇದಿಯಾದಾಗ ಕೊಲ್ಲುವುದು ಭೇದಿಯಲ್ಲ, ನೀರಿನ ನಷ್ಟ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ತುಂಬಿದ್ದ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಸಕ್ಕರೆ ಉಪ್ಪುಗಳನ್ನು ಅಳತೆಯಿಂದ ಬೆರೆಸಿದ ನೀರನ್ನು ಕುಡಿಸಿ ಸಾವಿನ ಪ್ರಮಾಣವನ್ನು ನೂರಕ್ಕೆ 30ರಿಂದ 4ಕ್ಕಿಂತ ಕೆಳಗಿಳಿಸಿದರು. ಇಂದು ಓ.ಆರ್.ಎಸ್. ಎಂಬ ಪೊಟ್ಟಣವಾಗಿ ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲದಲ್ಲಿರುವುದು ಅದೇ ಜೀವಜಲ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಪೂರ್ತಿ ಪುಡಿಯನ್ನು ಕರಗಿಸಿ, 24 ಗಂಟೆಯೊಳಗೆ ಮುಗಿಸಬೇಕು. ಪೊಟ್ಟಣ ಸಿಗದಿದ್ದಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ಬಳಿಕ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಎದೆಹಾಲನ್ನು ನಿಲ್ಲಿಸಬಾರದು. ಕುಚ್ಚಲಕ್ಕಿಯ ಗಂಜಿ ನಮ್ಮ ಸೀಮೆಯ ಸಿದ್ಧಾನ್ನ. ಅದನ್ನು ಧಾರಾಳವಾಗಿ ಕೊಡಬಹುದು. ಸತುವಿನ ಮಾತ್ರೆಯನ್ನು ವೈದ್ಯರು ಹೇಳಿದಂತೆ 14 ದಿನ ಕೊಟ್ಟರೆ ಮುಂದಿನ ಭೇದಿಯ ಸಂಭವವೂ ಕಡಿಮೆಯಾಗುತ್ತದೆ.

ಜ್ವರ ಶತ್ರುವಲ್ಲ, ಸೂಚನೆ. ಮಗು ಆಡುತ್ತಿದ್ದು, ನೀರು ಕುಡಿಯುತ್ತಿದ್ದರೆ ತಾಪಮಾನದ ಅಂಕಿಯೊಂದನ್ನೇ ನೋಡಿ ಗಾಬರಿಪಡಬೇಕಾಗಿಲ್ಲ. ಪ್ಯಾರಸಿಟಮಾಲ್ ದ್ರವೌಷಧವು ಬೇರೆ ಬೇರೆ ಸಾಂದ್ರತೆಗಳಲ್ಲಿ ದೊರೆಯುವುದರಿಂದ ಹಿಂದಿನ ಬಾಟಲಿಯ ಚಮಚದ ಲೆಕ್ಕವನ್ನು ಹೊಸ ಬಾಟಲಿಗೆ ಹಿಡಿಯಬಾರದು. ಮಗುವಿನ ತೂಕ ನೋಡಿ ಬರೆಸಿಕೊಳ್ಳಬೇಕು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ಪುಗಳನ್ನು ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ನೆಗಡಿಗೆ ಪ್ರತಿಜೈವಿಕ ಔಷಧ ನಿಷ್ಪ್ರಯೋಜಕ. "ಒಂದು ಇಂಜೆಕ್ಷನ್ ಹಾಕಿಬಿಡಿ" ಎಂದು ವೈದ್ಯರನ್ನು ಒತ್ತಾಯಿಸುವುದರಿಂದಾಗಲಿ, ದಿನಕ್ಕೊಬ್ಬ ವೈದ್ಯರನ್ನು ಬದಲಾಯಿಸುವುದರಿಂದಾಗಲಿ ಹಣ ಕರಗುವುದೇ ಹೊರತು ಕಾಯಿಲೆ ಕರಗುವುದಿಲ್ಲ. ಏರುವ ಜ್ವರದಲ್ಲಿ ಕೆಲವು ಮಕ್ಕಳಿಗೆ ಸೆಳವು ಬರುವುದುಂಟು; ಹಿಂದಿನವರು ಬಾಲಗ್ರಹವೆಂದು ಹೆದರುತ್ತಿದ್ದುದು ಇದಕ್ಕೇ. ಆಗ ಮಗುವನ್ನು ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನನ್ನೂ ಇಡಬಾರದು, ಬಳಿಕ ವೈದ್ಯರಲ್ಲಿಗೆ ಒಯ್ಯಬೇಕು. ತರಗತಿಯಲ್ಲಿ ಹೀಗಾದರೆ ಉಪಾಧ್ಯಾಯರು ಮಾಡಬೇಕಾದುದೂ ಇಷ್ಟೇ.

ಆದರೆ ಸಾಲಿನ ಅಭ್ಯಾಸ ಒಂದು ಅಪಾಯವನ್ನೂ ತರುತ್ತದೆ. "ಇದೂ ಹಿಂದಿನಂತೆಯೇ" ಎಂಬ ಉದಾಸೀನವೇ ಅದು. ಆದುದರಿಂದ ಅಪಾಯದ ಗುರುತುಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಮಗು ಕುಡಿಯಲಾರದಿರುವುದು, ಕುಡಿದದ್ದನ್ನೆಲ್ಲ ಕಾರುವುದು, ಸೆಳವು, ಎಚ್ಚರಿಸಿದರೂ ಏಳದ ಮಂಪರು, ಆರೇಳು ಗಂಟೆ ಮೂತ್ರವಿಲ್ಲದಿರುವುದು, ಮಲದಲ್ಲಿ ರಕ್ತ, ಉಸಿರಾಡುವಾಗ ಎದೆಯ ಕೆಳಭಾಗ ಒಳಗೆ ಸೆಳೆಯುವುದು. ಮಗು ಶಾಂತವಾಗಿದ್ದಾಗ ಒಂದು ಪೂರ್ಣ ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿನಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕೆ ಮಿಕ್ಕಿದ್ದರೆ ನ್ಯುಮೋನಿಯಾ ಇರಬಹುದು. ಮೂರು ತಿಂಗಳೊಳಗಿನ ಶಿಶುವಿಗೆ ಯಾವ ಜ್ವರ ಬಂದರೂ ಅಂದೇ ತೋರಿಸಬೇಕು. ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಹೊತ್ತೇ ಗಂಡಾಂತರದ ಹೊತ್ತು. ಆಗ ಹೊಟ್ಟೆನೋವು, ವಾಂತಿ, ರಕ್ತಸ್ರಾವ ಕಂಡರೆ ತಡಮಾಡಬಾರದು. ಅಂಗಳದ ತೆಂಗಿನ ಚಿಪ್ಪು, ಅಡಿಕೆ ಹಾಳೆ, ಹಳೆಯ ಟಯರುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರೆ ಆ ಸೊಳ್ಳೆಯ ಕಾಟವನ್ನು ಬಹಳ ಮಟ್ಟಿಗೆ ತಗ್ಗಿಸಬಹುದು. ಎರಡು ವಾರ ಮೀರಿದ ಕೆಮ್ಮು ಅಥವಾ ಜ್ವರ, ತೂಕ ಇಳಿಯುವುದು, ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಇವು ಸಾಮಾನ್ಯ ಸಾಲಿಗೆ ಸೇರಿದುವಲ್ಲ. ಕೂಲಂಕಷ ಪರೀಕ್ಷೆ ಆಗಬೇಕು.

ಈ ಗುರುತುಗಳನ್ನು ಬೇಗ ಕಾಣುವುದು ನಮಗೆ ಇತರರಿಗಿಂತ ಹೆಚ್ಚು ಅಗತ್ಯ. ನಮ್ಮ ತಾಲ್ಲೂಕುಗಳಲ್ಲಿ ಆಸ್ಪತ್ರೆಗಳಿವೆಯಾದರೂ ಹೆಚ್ಚಿನ ಚಿಕಿತ್ಸೆಗೆ ಮುರ್ಡೇಶ್ವರದಿಂದ ಮಣಿಪಾಲಕ್ಕೆ ಸುಮಾರು ನೂರು ಕಿಲೋಮೀಟರ್ ಹೋಗಬೇಕು. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟರು. ಜಿಲ್ಲೆಗೆ ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂಬ ಜನರ ಕೂಗು ಆಗ ತೀವ್ರವಾಯಿತು. ಆಸ್ಪತ್ರೆ ದೂರವಿರುವಲ್ಲಿ ತಾಯಿಯ ಕಣ್ಣೇ ಮೊದಲ ಆಸ್ಪತ್ರೆಯಾಗಬೇಕಾಗುತ್ತದೆ.

ಆ ಕಣ್ಣು ನಿದ್ದೆಯಿಲ್ಲದೆ ಎಷ್ಟು ದಿನ ತೆರೆದಿದ್ದೀತು? ಮಕ್ಕಳ ಆರೈಕೆಯನ್ನು ಕುರಿತ ಪುಸ್ತಕಗಳು ಆರೈಕೆ ಮಾಡುವವರ ಆರೈಕೆಯನ್ನು ಮರೆಯುತ್ತವೆ. ರಾತ್ರಿಯನ್ನು ಎರಡು ಪಾಳಿಯಾಗಿ ಹಂಚಿಕೊಳ್ಳಬೇಕು. ದೋಣಿ ದಡದಲ್ಲಿರುವ ತಿಂಗಳುಗಳಲ್ಲಿ ತಂದೆಗೆ ಇದಕ್ಕಿಂತ ದೊಡ್ಡ ಕಾಯಕವಿಲ್ಲ. ಒಂದು ಹಳೆಯ ನೋಟುಪುಸ್ತಕದಲ್ಲಿ ಯಾವ ಮಗುವಿಗೆ ಯಾವ ದಿನ ಜ್ವರ ಬಂತು, ಯಾವ ಔಷಧ ಎಷ್ಟು ಹೊತ್ತಿಗೆ ಕೊಟ್ಟಿತು ಎಂದು ಬರೆದಿಡಬೇಕು. ನಿದ್ದೆಗೆಟ್ಟ ಇಬ್ಬರು ಒಂದೇ ಔಷಧವನ್ನು ಎರಡು ಸಲ ಕೊಡುವ ಪ್ರಮಾದ ಇದರಿಂದ ತಪ್ಪುತ್ತದೆ. ಕಾಯಿಲೆಯಿಲ್ಲದ ಮಗುವನ್ನೂ ದಿನಕ್ಕೆ ಅರ್ಧ ಗಂಟೆ ಹತ್ತಿರ ಕೂರಿಸಿಕೊಳ್ಳಬೇಕು. ಮನೆಯಲ್ಲಿ ಮಲಗಿದವರಿಗಷ್ಟೇ ಪ್ರೀತಿ ಎಂಬ ಭಾವನೆ ಅದರ ಮನಸ್ಸಿನಲ್ಲಿ ಬೇರೂರಬಾರದು. ಹಿರಿಯರು ಮನೆಗೆ ಬಂದರೆ ಸಲಹೆಗಿಂತ ಮೊದಲು ಒಂದು ಹೊತ್ತಿನ ಅಡಿಗೆಯನ್ನು ಕೊಡಲಿ.

ಕೊನೆಯದಾಗಿ ಶಾಲೆಯ ಹೊಣೆ. ವರ್ಷವಿಡೀ ಒಂದು ದಿನವೂ ತಪ್ಪದೆ ಬಂದ ವಿದ್ಯಾರ್ಥಿಗೆ ಪೂರ್ಣ ಹಾಜರಿಯ ಬಹುಮಾನ ಕೊಡುವ ಪದ್ಧತಿ ಅನೇಕ ಶಾಲೆಗಳಲ್ಲಿದೆ. ಅದರ ಉದ್ದೇಶ ಒಳ್ಳೆಯದೇ. ಆದರೆ ಆ ಬಹುಮಾನದ ಆಸೆಗೆ ಜ್ವರದ ಮಗು ಶಾಲೆಗೆ ಬಂದು, ಪಕ್ಕದ ಹತ್ತು ಮಕ್ಕಳ ಮೂಲಕ ಹತ್ತು ಮನೆಗಳ ಕೂಸುಗಳಿಗೆ ಸೋಂಕನ್ನು ಮುಟ್ಟಿಸಿದರೆ, ಆ ಬಹುಮಾನದ ಬೆಲೆಯನ್ನು ತೆತ್ತವರು ಯಾರು? ಆರೋಗ್ಯವಂತರಾಗಿರುವುದು ಮಗುವಿನ ಪುಣ್ಯವೇ ಹೊರತು ಸಾಧನೆಯಲ್ಲ. ಕಾಯಿಲೆ ಬೀಳುವುದು ಅದರ ಅಪರಾಧವೂ ಅಲ್ಲ. ಸೀತಾಳೆಯ ಮಗು ಎಲ್ಲ ಗುಳ್ಳೆಗಳು ಹೆಕ್ಕಳೆ ಕಟ್ಟಿದ ಮೇಲೆ, ದಡಾರದ ಮಗು ದದ್ದು ಕಂಡು ನಾಲ್ಕು ದಿನ ಕಳೆದ ಮೇಲೆ, ಮಂಗನಬಾವಿನ ಮಗು ಊತ ಬಂದು ಐದು ದಿನ ಕಳೆದ ಮೇಲೆ, ಫ್ಲೂ ಜ್ವರದ ಮಗು ಔಷಧವಿಲ್ಲದೆಯೇ ಜ್ವರ ಬಿಟ್ಟು ಒಂದು ದಿನ ಕಳೆದ ಮೇಲೆ ಶಾಲೆಗೆ ಬಂದರೆ ಸಾಕು. ಈ ನಾಲ್ಕು ಸಾಲುಗಳನ್ನು ಸೂಚನಾ ಫಲಕದ ಮೇಲೆ ಬರೆಸುವುದಕ್ಕೆ ಖರ್ಚಿಲ್ಲ. ತಪ್ಪಿದ ಪಾಠವನ್ನು ಸಹಪಾಠಿಯೊಬ್ಬನ ಕೈಯಲ್ಲಿ ಬರೆಸಿ ಮನೆಗೆ ಕಳುಹಿಸುವುದಕ್ಕೂ ಖರ್ಚಿಲ್ಲ.

ಖರ್ಚಿರುವುದು ಬೇರೆ ಕೆಲವಕ್ಕೆ: ಊಟದ ಮುಂಚೆ ಎಲ್ಲ ಮಕ್ಕಳೂ ಏಕಕಾಲಕ್ಕೆ ಕೈತೊಳೆಯಬಹುದಾದ ನಲ್ಲಿಗಳ ಸಾಲು, ಅಲ್ಲಿ ಸದಾ ಸಾಬೂನು, ಶುದ್ಧವಾದ ಕುಡಿಯುವ ನೀರು, ನೀರಿರುವ ಶೌಚಾಲಯ, ಅಸ್ವಸ್ಥವಾದ ಮಗು ತಾಯಿ ಬರುವವರೆಗೆ ಮಲಗಲು ಒಂದು ಮಂಚವಿರುವ ಕೊಠಡಿ. ದಾಸೋಹದ ಅರ್ಥವನ್ನು ಬಲ್ಲ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅನ್ನವಿಡುವ ಕೈ ಮೊದಲು ಕೈತೊಳೆಯುವ ನೀರನ್ನೂ ಇಡಬೇಕು.

ಮಕ್ಕಳಿಗೆ ಐದಾರು ವರ್ಷ ತುಂಬುತ್ತ ಬಂದಂತೆ ಈ ಸಾಲು ತಾನಾಗಿ ತೆಳುವಾಗುತ್ತದೆ. ಲಸಿಕೆ ಪಡೆದು, ಹೊಟ್ಟೆತುಂಬ ಉಂಡು, ಸಕಾಲದಲ್ಲಿ ಆರೈಕೆ ದೊರೆತ ಮಗು ಪ್ರತಿಯೊಂದು ಕಾಯಿಲೆಯಿಂದಲೂ ಒಂದಿಷ್ಟು ಬಲವನ್ನು ಗಳಿಸಿಕೊಂಡು ಏಳುತ್ತದೆ. ಅಲ್ಲಿಯವರೆಗೆ ಆ ಮನೆಗೆ ಬೇಕಾದುದು ಲೆಕ್ಕದ ತಿಳಿವು, ಕೈಜೋಡಿಸುವ ನಾಲ್ಕು ಜನ ಮತ್ತು ದೂರದ ಮಾತಾಡದ ಒಂದು ಶಾಲೆ. ಮುಂದಿನ ಮಳೆಗಾಲದಲ್ಲಿ ಒಂದೇ ಮನೆಯಿಂದ ಮೂರನೆಯ ರಜಾ ಚೀಟಿ ಬಂದಾಗ ಅದನ್ನು ಕೈಗೆತ್ತಿಕೊಂಡ ಗುರುಗಳು, ಅದನ್ನು ತಂದ ಮಗುವನ್ನು ಹತ್ತಿರ ಕರೆದು, "ಮನೆಯಲ್ಲಿ ಅಮ್ಮ ಹೇಗಿದ್ದಾರೆ?" ಎಂದು ಕೇಳುವಂತಾದರೆ ಈ ಲೇಖನ ಬರೆದುದು ಸಾರ್ಥಕವಾಗುತ್ತದೆ.